ಇನ್ನೊಂದು ಟೇಕ್

ಚಿತ್ರ ನಿರ್ದೇಶಕ ಅರ್ಮಾನ್‌ನ ಶವಪೆಟ್ಟಿಗೆ ಹೊತ್ತವರು ಚರ್ಚಿನ ಕೊನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ನಿರ್ಮಾಪಕ ರೊಸಾರ್ ಅಡ್ಡ ಬಂದು ಕೈ ಎತ್ತಿದ. ಬೀದಿ ತುಂಬ ನಿಂತ ಪ್ಯಾರಿಸ್ಸಿನ ಜನ ಚಪ್ಪಾಳೆ ತಟ್ಟುತ್ತಿದ್ದರು. ಸಿನಿಮಾದವರನ್ನು ಅವರು ಕಳಿಸಿಕೊಡುವುದೇ ಹಾಗೆ. ಈಗ ಒಬ್ಬೊಬ್ಬರಾಗಿ ನಿಲ್ಲಿಸಿದರು.

“ಟಿವಿಯವರ ಕ್ಯಾಮೆರಾ ಕೈಕೊಡ್ತು ಮಾರಿವೋನ್,” ಎಂದು ರೊಸಾರ್ ಅರ್ಮಾನ್‌ನ ಹೆಂಡತಿಯ ಕಿವಿಯ ಹತ್ತಿರ ಬಾಗಿದ. “ಪೆಟ್ಟಿಗೆ ಒಳಗೆ ಹೋಗಿ ಇನ್ನೊಂದು ಸಲ ಬರಲಿ. ಎರಡೇ ನಿಮಿಷದ ಕೆಲಸ.”

ಅವನ ಬಾಯಿಂದ ವೈನಿನ ವಾಸನೆ ಬಂತು. ಅರ್ಮಾನ್‌ನ ಕೊನೆಯ ಚಿತ್ರವನ್ನು ಕತ್ತರಿಸಿ ಚಿಂದಿ ಮಾಡಿದವನು ಇವನೇ. ಆಮೇಲೆ ವರ್ಷಗಟ್ಟಲೆ ಫೋನೆತ್ತಲಿಲ್ಲ. ಅರ್ಮಾನ್ ಬೆಕ್ಕಿನ ತಿಂಡಿಯ ಜಾಹೀರಾತು ತೆಗೆದು ಹೊಟ್ಟೆ ಹೊರೆದ. ಈಗಷ್ಟೇ ಒಳಗೆ ಪಾದ್ರಿಯ ಪಕ್ಕ ನಿಂತು ‘ನನ್ನ ತಮ್ಮನಂಥವನು’ ಎಂದು ಕರವಸ್ತ್ರ ತೆಗೆದವನೂ ಇವನೇ. ಮಾರಿವೋನ್‌ಗೆ ಮೈಯೆಲ್ಲ ಹೇಸಿಗೆಯಾಯಿತು.

“ಅರ್ಮಾನ್ ಇದ್ದಿದ್ರೆ ಅವನೇ ಕೇಳ್ತಿದ್ದ,” ಎಂದ ರೊಸಾರ್.

ಅದು ಸುಳ್ಳಲ್ಲ. ಅವಳಿಗೆ ಇನ್ನಷ್ಟು ಹೇಸಿಗೆಯಾದದ್ದು ಅದಕ್ಕೇ.

*

ಮದುವೆಯಾದ ಹೊಸದು. ಬ್ರಿಟನಿ ಸೀಮೆಯ ಕಡಲತೀರದ ಊರಿನಲ್ಲಿ ಅರ್ಮಾನ್‌ನ ತಾಯಿ ತೀರಿಕೊಂಡಿದ್ದಳು. ಮಗ ಕ್ಯಾಮೆರಾ ಹಿಡಿದೇ ಬಂದ. ಪೆಟ್ಟಿಗೆ ಚರ್ಚಿನಿಂದ ಹೊರಗೆ ಬರುವಾಗ ಮೋಡ ಮುಸುಕಿತು.

“ಒಳಗೆ ತಗೊಂಡು ಹೋಗಿ, ಬಿಸಿಲು ಬರಲಿ,” ಎಂದ.

ಪೆಟ್ಟಿಗೆ ಹೊತ್ತ ಸೋದರಮಾವಂದಿರು ಮುಖ ಮುಖ ನೋಡಿಕೊಂಡು ಹಿಂದಕ್ಕೆ ತಿರುಗಿದರು.

“ಹೊರಟವಳನ್ನ ಮತ್ತೆ ಒಳಗೆ ತಳ್ತೀಯೇನೋ, ಕರುಳಿಲ್ಲದವನೇ,” ಎಂದಳು ಅವನ ಚಿಕ್ಕಮ್ಮ.

“ಅಮ್ಮ ಏನೂ ಅಂದ್ಕೊಳ್ಳಲ್ಲ. ನೀನು ಸ್ವಲ್ಪ ಪಕ್ಕಕ್ಕೆ ಸರಿ ಚಿಕ್ಕಮ್ಮ, ನೆರಳು ಬೀಳ್ತಿದೆ.”

ಮಾರಿವೋನ್ ಚರ್ಚಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಅವನ ಮೊದಲ ಚಿತ್ರ ಹೆಸರು ಮಾಡಿದ್ದು ಆ ದೃಶ್ಯದಿಂದಲೇ. ಪತ್ರಿಕೆಯವರು ಅದನ್ನು ಅಪ್ಪಟ ಸತ್ಯ ಎಂದು ಹೊಗಳಿದರು. ಚಿಕ್ಕಮ್ಮ ಮಾತ್ರ ಸಾಯುವವರೆಗೂ ಅವನ ಜೊತೆ ಮಾತಾಡಲಿಲ್ಲ.

*

“ಏನ್ ಮಾಡೋಣಮ್ಮಾ?” ಪೆಟ್ಟಿಗೆ ಹೊತ್ತವರಲ್ಲಿ ಮುಂದಿದ್ದವನು ಕೇಳಿದ. ಅವನ ಭುಜ ಸೋತಿತ್ತು.

ಅರ್ಮಾನ್‌ನನ್ನು ಅವಳು ಪ್ರೀತಿಸಿದ್ದಳು, ಅಷ್ಟೇ ಹೇಸಿಕೊಂಡೂ ಇದ್ದಳು. ಇವತ್ತಾದರೂ ಅವನು ಎಲ್ಲರಂತೆ, ಒಂದೇ ಸಲಕ್ಕೆ ಹೋಗಿಬಿಡಲಿ ಎನಿಸಿತು.

“ವ್ಯಾನಿಗೆ ಏರಿಸಪ್ಪ.”

“ಇವತ್ತು ಟಿವಿಯಲ್ಲಿ ಬರದಿದ್ರೆ ಜನ ಅವನನ್ನ ಮರೆತೇಬಿಡ್ತಾರೆ,” ಎಂದ ರೊಸಾರ್.

“ಮರೀಲಿ. ನೀನು ದಾರಿ ಬಿಡು.”

ಅವಳು ಚಾಲಕನ ಪಕ್ಕ ಹತ್ತಿ ಕೂತಳು. ವ್ಯಾನು ಬೀದಿಯ ತುದಿಯಲ್ಲಿ ಸಿಗ್ನಲಿಗೆ ನಿಂತಾಗ ಹಿಂದೆ ಮತ್ತೆ ಚಪ್ಪಾಳೆ ಕೇಳಿಸಿತು. ತಿರುಗಿ ನೋಡಿದಳು. ರೊಸಾರ್ ಮೆಟ್ಟಿಲ ಮೇಲೆ ನಿಂತು, ಇನ್ನೂ ಜೋರಾಗಿ ಎಂದು ಕೈಬೀಸುತ್ತಿದ್ದ. ಕ್ಯಾಮೆರಾ ಜನರತ್ತ ತಿರುಗಿತ್ತು. ಅವರೆಲ್ಲ ಕಣ್ಣೊರೆಸಿಕೊಳ್ಳುತ್ತ, ತೆರೆದ ಖಾಲಿ ಬಾಗಿಲಿಗೆ ಚಪ್ಪಾಳೆ ತಟ್ಟುತ್ತಿದ್ದರು.