ರಾಜಮತಿಯ ಪಿಕಪ್ಪಿನ ತಂಪು

ಕಾಗವಾಡದ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಭೀಮಸಿಗೆ ಕೈಯಲ್ಲಿ ಕಸುಬಿತ್ತು, ಜೊತೆಗೆ ಒಂದಿಷ್ಟು ಜಂಭವೂ ಇತ್ತು. ತೊಂಬತ್ತರ ದಶಕದ ಮಾತು. ಆ ಸೀಮೆಯಲ್ಲಿ ಕಾರಿಗೇ ಎ.ಸಿ. ಅಪರೂಪ. ಅಂಥದ್ದರಲ್ಲಿ ಶೇಡಬಾಳದ ದ್ರಾಕ್ಷಿ ತೋಟದ ತವನಪ್ಪ ಗಡಗಡ ಎನ್ನುವ ತನ್ನ ಹಳೆಯ ಪಿಕಪ್ಪನ್ನು ತಂದು ನಿಲ್ಲಿಸಿ, "ಇದಕ್ಕ ಎ.ಸಿ. ಕೂಡಸ್ತೀಯೇನೋ?" ಎಂದಾಗ ಅಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ತವನಪ್ಪ ನಗಲಿಲ್ಲ. ಹೆಂಡತಿ ರಾಜಮತಿಗೆ ದಮ್ಮು. ವಾರವಾರವೂ ಮಿರಜಿನ ದವಾಖಾನೆಗೆ ಹೋಗಬೇಕು. ಗಾಡಿಯ ಕಿಟಕಿಯ ಕಾಜು ಇಳಿಸಿದರೆ ಧೂಳು, ಕಬ್ಬಿನ ಒಣಸೋಗೆ, ರವದಿ ಸುಡುವ ಹೊಗೆ. ಏರಿಸಿದರೆ ಜೀವ ಬೇಯುವ ಸೆಖೆ.

"ಆಕಿ ಆರಾಮ ಕುಂತ ಮಿರಜ ಮುಟ್ಟಬೇಕ ನೋಡ. ಮತ್ತೇನೂ ಬ್ಯಾಡ ನನಗ," ಎಂದ.

ಭೀಮಸಿ ಹಟಕ್ಕೆ ಬಿದ್ದ. ಕೊಲ್ಲಾಪುರದ ಗುಜರಿಯಲ್ಲಿ ಜಖಂ ಆದ ಕಾರೊಂದರಿಂದ ಕಂಪ್ರೆಸರ್ ಕಿತ್ತು ತಂದ. ಇಂಜಿನ್ನಿನ ಪಕ್ಕ ಪಟ್ಟಿ ವೆಲ್ಡ್ ಮಾಡಿ ಕೂರಿಸಿದ. ಸ್ಟೇರಿಂಗಿನ ಪಕ್ಕ, ಕಾಲಿನ ಮೇಲ್ಗಡೆ, ಪಂಖಾ ಇರುವ ತಂಪಿನ ಪೆಟ್ಟಿಗೆ ಇಟ್ಟು, ಅದರಲ್ಲಿ ಇಳಿಯುವ ನೀರು ಹೊರಗೆ ಹೋಗಲೆಂದು ಗಾಡಿಯ ತಳಕ್ಕೆ ಪೈಪು ಬಿಟ್ಟ. ಗ್ಯಾಸು ಸೋರಿತು. ಸಾಬೂನಿನ ನೊರೆ ಹಚ್ಚಿ ಸೋರುವ ಜಾಗ ಹುಡುಕಿ, ಬೆಸುಗೆ ಹಾಕಿ, ಮತ್ತೆ ಸೋರಿ, ಮತ್ತೆ ಹಾಕಿ, ಅಂತೂ ತಂಪು ಬಂತು.

ಶೇಡಬಾಳದ ಮನೆಯಂಗಳದಲ್ಲಿ ರಾಜಮತಿ ಒಳಗೆ ಕೂತು ಕಣ್ಣು ಮುಚ್ಚಿದಳು. "ನಮ್ಮ ಅವ್ವನ ಮನಿ ನೆಲಮಾಳಗಿ ಇದ್ದಂಗ ಐತೋ ತಮ್ಮಾ," ಎಂದಳು. ಭೀಮಸಿಯ ಎದೆ ಉಬ್ಬಿತು. ಕೆಳಗಿಳಿದವಳು ಪೈಪಿನಿಂದ ತೊಟ್ಟಿಕ್ಕುವ ನೀರು ನೋಡಿ ನಿಂತಳು. ನೀರಿನೊಳಗಿನ ಹುಳ ಸಾಯಬಾರದೆಂದು ಆ ಜೈನರ ಮನೆಯಲ್ಲಿ ಸೋಸದ ನೀರನ್ನು ಕಾಲಿಗೂ ಹಾಕುತ್ತಿರಲಿಲ್ಲ.

"ಮಲ್ಲಿಗಿ ಬಳ್ಳಿಗೆ ಹಾಕಬೇಕಂದ್ರ ಈ ನೀರ ಸೋಸಿದ್ದಲ್ಲಲ್ಲೋ?"

"ಗಾಳ್ಯಾಗಿನ ನೀರ್ರಿ ಅಕ್ಕಾರ, ಇದರಾಗ ಯಾ ಹುಳಾ ಇರ್ತಾವ!" ಎಂದು ಭೀಮಸಿ ನಕ್ಕ. ಎಲ್ಲರೂ ನಕ್ಕರು. ಪೈಪಿನ ಬಾಯಿಗೆ ಏನೂ ಅಡ್ಡ ಬರಬಾರದು ಎಂಬ ಒಂದು ಮಾತು ಆ ನಗುವಿನಲ್ಲಿ ಹೇಳದೆ ಉಳಿದುಹೋಯಿತು.

ಆಮೇಲೆ ಮಿರಜಿನಿಂದ ಬರುವಾಗ ಪಿಕಪ್ಪು ಗ್ಯಾರೇಜಿನ ಮುಂದೆ ನಿಲ್ಲುತ್ತಿತ್ತು. ರಾಜಮತಿ ಕಾಜಿನ ಹಿಂದಿನಿಂದಲೇ ನಗುತ್ತಿದ್ದಳು. ಭೀಮಸಿ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ.

ವೈಶಾಖದ ಒಂದು ಮಧ್ಯಾಹ್ನ ಗಂಡ ಹೆಂಡತಿ ಮಿರಜಿಗೆ ಹೊರಟಿದ್ದರು. ಮ್ಹೈಸಾಳದ ಹತ್ತಿರ, ಎರಡೂ ಕಡೆ ರವದಿ ಉರಿಯುತ್ತಿತ್ತು. ಪೆಟ್ಟಿಗೆಯಿಂದ ನೀರು ಧಬಕ್ಕೆಂದು ಕಾಲಮೇಲೆ ಸುರಿಯಿತು, ಸುಟ್ಟ ವಾಸನೆ ಬಂತು, ಒಳಗಿನ ಪಂಖಾ ನಿಂತಿತು. ಸೆಖೆಗೆ ರಾಜಮತಿ ಉಸಿರು ಸಿಗದೆ ಒದ್ದಾಡಿದಳು. ತವನಪ್ಪ ಕಾಜು ಇಳಿಸಿದ, ಹೊಗೆ ಒಳನುಗ್ಗಿತು. ಮಿರಜ ಮುಟ್ಟುವುದರೊಳಗೆ ಅವಳ ಉಸಿರು ನಿಂತಿತ್ತು.

ಭೀಮಸಿಯ ಎ.ಸಿ.ಯೇ ಅವಳನ್ನು ತಿಂದಿತೆಂದು ಜನ ಆಡಿಕೊಂಡರು. ಆಡುವವರಿಗೇನು, ಬಾಯಿ ಒಂದಿದ್ದರೆ ಸಾಕು! ಗಾಡಿಗಳು ಅವನ ಗ್ಯಾರೇಜು ದಾಟಿ ಮುಂದೆ ಹೋಗತೊಡಗಿದವು. ಅವನಿಗೆ ಅನ್ನ ಸೇರದಾಯಿತು. ಹಾಕಿದ ಒಂದೊಂದು ಬೆಸುಗೆಯನ್ನೂ ಮನಸ್ಸಿನಲ್ಲೇ ತಡವಿ ನೋಡಿ ಸೋತ.

ಸೂತಕ ಕಳೆದ ಮೇಲೆ ತವನಪ್ಪ ಪಿಕಪ್ಪು ತಂದ. "ಕಿತ್ತ ಒಗಿ ಇದನ್ನ. ಅದಕ್ಕಿಂತ ಮದಲ ಏನ ಕೆಟ್ಟಿತ್ತು ನೋಡಿ ಹೇಳ. ನನಗ ಗೊತ್ತಾಗಬೇಕು."

ಭೀಮಸಿ ಗಾಡಿಯ ಅಡಿಗೆ ಹೋದ. ಪೈಪಿನ ಬಾಯಿಗೆ ಇಮ್ಮಡಿ ಮಡಚಿದ ಬಟ್ಟೆ ಕಟ್ಟಿತ್ತು. ಮಣ್ಣು ಮೆತ್ತಿ ಬಿರಡೆಯಂತೆ ಬಿಗಿದಿತ್ತು. ನೀರು ಹೋಗಲು ದಾರಿಯಿಲ್ಲದೆ ಪೆಟ್ಟಿಗೆಯಲ್ಲಿ ತುಂಬಿ ಪಂಖಾದ ಮೋಟರನ್ನು ಮುಳುಗಿಸಿತ್ತು. ತಪ್ಪು ತನ್ನದಲ್ಲ! "ಸಿಕ್ತ್ರಿ" ಎಂಬ ಮಾತು ಬಾಯಿಯವರೆಗೆ ಬಂತು.

ಆಗ ಬೆರಳು ಗಂಟಿಗೆ ತಾಗಿತು. ತೋಟದವರು ದ್ರಾಕ್ಷಿಯ ಕಡ್ಡಿಯನ್ನು ತಂತಿಗೆ ಕಟ್ಟುವ ಗಂಟು. ದಮ್ಮಿನ ರಾಜಮತಿ ಗಾಡಿಯ ಅಡಿಗೆ ಬರುವವಳಲ್ಲ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ತವನಪ್ಪನ ಚಪ್ಪಲಿ ಮಾತ್ರ.

"ಏನರ ಸಿಕ್ತೇನೋ?"

ಭೀಮಸಿ ಗಂಟು ಬಿಚ್ಚಿದ. ಪೈಪಿನಲ್ಲಿ ಉಳಿದಿದ್ದ ನೀರು ಮುಖದ ಮೇಲೆ ಬಿತ್ತು. ಬಟ್ಟೆಯನ್ನು ಅಂಗಿಯೊಳಗೆ ತುರುಕಿಕೊಂಡು ಹೊರಬಂದ.

"ವೈರ್ ಸಡ್ಲ ಬಿಟ್ಟಿದ್ನಿರಿ ಅಣ್ಣಾರ. ನಂದ ತಪ್ಪ."

ತವನಪ್ಪ ಬೈಯಲಿಲ್ಲ, ಕೈಯೆತ್ತಲಿಲ್ಲ. ನಾಲ್ಕು ಬಾರಿಸಿದ್ದರೆ ಭೀಮಸಿಗೆ ಎಷ್ಟೋ ಹಗುರಾಗುತ್ತಿತ್ತು.

"ಆಕಿ ಮನಸ್ಸಿಗೆ ಸಮಾಧಾನ ಆಗಲೆಂತ ಆ ನೀರಿಗೂ ಸೋಸೋ ಅರಬಿ ಕಟ್ಟಿದ್ನೋ ನಾ, ಗಾಡಿ ಬುಡಕ ಮಕ್ಕೊಂಡು," ಎಂದ ತವನಪ್ಪ. "ಅಷ್ಟ ಕಾಳಜಿ ಮಾಡಿದೆ. ನಿನಗ ಒಂದ ವೈರ್ ಬಿಗಿ ಮಾಡೂದ ಆಗಲಿಲ್ಲೇನೋ, ಭೀಮಸಿ?"

ಒದ್ದೆ ಬಟ್ಟೆ ಎದೆಗೆ ಅಂಟಿಕೊಂಡು ತಣ್ಣಗೆ ಕೊರೆಯುತ್ತಿತ್ತು.

"ಆಗಲಿಲ್ರಿ ಅಣ್ಣಾರ," ಎಂದ ಭೀಮಸಿ.