ಡೊಂಕು ಕಡ್ಡಿಯ ಮೂಗುತಿ

ನಾನು ಒಂದೇ ಕೆಂಪು ಹರಳಿನ ಮೂಗುತಿ. ಗದಗಿನ ಅಕ್ಕಸಾಲಿಗ ಮೌನೇಶಪ್ಪ ಪತ್ತಾರರು ನನ್ನನ್ನು ಮಾಡುವ ಮೊದಲು ಗುರುಬಸವ್ವ ಎಂಬ ಮದುಮಗಳ ಮೂಗನ್ನು ಮೂರು ಸಲ ನೋಡಿದರು. ನಡುವೆ ಉಬ್ಬು, ತುದಿ ಎಡಕ್ಕೆ ವಾಲಿದ ಮೂಗು. ನನ್ನ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ಕೊಂಚ ಬಗ್ಗಿಸಿದರು. ನಲವತ್ತು ವರ್ಷ ಅಲ್ಲಿ ಅಲುಗದೆ ಕೂತೆ.

ಗುರುಬಸವ್ವ ಅಜ್ಜಿಯಾದಳು. ಮೊಮ್ಮಗಳು ಶ್ರಾವಣಿಗೆ ಹನ್ನೆರಡಾದಾಗ ಮೂಗು ಚುಚ್ಚಿಸಿ ನನ್ನನ್ನು ಇಟ್ಟಳು. ಅದೇ ಉಬ್ಬು, ಅದೇ ವಾಲು. ಮನೆ ಬದಲಾಯಿತೆಂದು ನನಗೆ ಅನಿಸಲೇ ಇಲ್ಲ.

ಆದರೆ ಇಲ್ಲಿಗೆ ಶ್ರಾವಣಿಯದೇ ಎರಡು ಬೆರಳು ಬರುತ್ತಿದ್ದವು. ತರಗತಿಯಲ್ಲಿ, ಬಸ್ಸಿನಲ್ಲಿ, ಊಟದ ನಡುವೆ ಬಂದು ಉಬ್ಬನ್ನು ಒತ್ತುತ್ತಿದ್ದವು. "ಏ ಗಿಣೀ, ಮೆಣಸಿನಕಾಯಿ ಬೇಕೇನು?" ಎಂದು ಗೆಳತಿಯರು ಕೂಗಿದ ದಿನ ಇನ್ನೂ ಜೋರಾಗಿ.

ಹದಿನೇಳಕ್ಕೆ, ಮೂಗು ನೆಟ್ಟಗೆ ಮಾಡಿಸಲೇಬೇಕೆಂದು ಊಟ ಬಿಟ್ಟು ಹಟ ಹಿಡಿದಳು. ಹುಬ್ಬಳ್ಳಿಯ ಡಾಕ್ಟರು ಕೇಳಿದರು: "ಮೂಗು ಸರಿ ಮಾಡಿದ ಮ್ಯಾಲೆ ಮೊದಲ ಏನ್ ಮಾಡ್ತೀಯಮ್ಮಾ?"

"ಫೋಟೋಕ್ಕ ನಿಲ್ತೀನ್ರಿ."

"ಒಂದ್ ವರ್ಷ ತಡಿ. ಆಮ್ಯಾಲೆ ನೋಡೂಣು."

ಅವಳು ಅಳು ನಿಲ್ಲಿಸಲಿಲ್ಲ. ಅಪ್ಪ ಬೇರೆ ಡಾಕ್ಟರನ್ನು ಹುಡುಕಿದ.

ಶಸ್ತ್ರಚಿಕಿತ್ಸೆಯ ದಿನ ನನ್ನನ್ನು ತೆಗೆದು, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರು. ಕತ್ತಲಲ್ಲಿ ನನಗೆ ಒಂದೇ ಕುತೂಹಲ: ಒತ್ತಲು ಉಬ್ಬೇ ಇಲ್ಲದ ಮೇಲೆ ಆ ಬೆರಳುಗಳು ಏನು ಮಾಡುತ್ತವೆ?

ಏಳು ತಿಂಗಳ ಮೇಲೆ ಡಬ್ಬಿ ತೆರೆದದ್ದು ಮೌನೇಶಪ್ಪನವರ ಅಂಗಡಿಯಲ್ಲಿ. ಶ್ರಾವಣಿಯ ಮೂಗು ನೆಟ್ಟಗೆ, ತೆಳ್ಳಗೆ ಇತ್ತು. ಬೆರಳುಗಳು ಗದ್ದವನ್ನು ಒತ್ತುತ್ತಿದ್ದವು.

"ಒಂದ್ ಫೋಟೋನೂ ತಗಸ್ಕೊಂಡಿಲ್ರಿ. ಈಗ ಗದ್ದ ಚೊಲೋ ಇಲ್ಲಂತ," ಎಂದಳು ಅಜ್ಜಿ. "ಮೂಗುತಿ ಇಟ್ರ ಮದಲಿನಂಗ ಆಗ್ತಾಳೇನೋ ಅಂತ ಬಂದೆ."

ಪತ್ತಾರರು ನನ್ನನ್ನು ಹಿಡಿದು ನೋಡಿದರು. "ತೂತು ಮುಚ್ಚೇತಿ. ಕಡ್ಡೀನೂ ಕೂಡಂಗಿಲ್ಲ. ನೆಟ್ಟಗ ಮಾಡ್ಲೇನು?"

"ಡೊಂಕ ಯಾಕ ಮಾಡಿದ್ರಿ?" ಶ್ರಾವಣಿ ಕೇಳಿದಳು.

"ನಿಮ್ಮಜ್ಜಿ ಮೂಗ ನೋಡಿ, ತಂಗಿ. ಹರಳು ಮಂದಿ ಕಡೆ ನೋಡಬೇಕಲ್ಲ?"

ಇಕ್ಕಳ ನನ್ನ ಹತ್ತಿರ ಬಂತು.

"ಬ್ಯಾಡ್ರಿ. ಹಂಗ ಇರ್ಲಿ," ಎಂದಳು ಶ್ರಾವಣಿ.

ನನ್ನನ್ನು ಎತ್ತಿ ಅಜ್ಜಿಯ ಮೂಗಿಗೆ ಇಟ್ಟಳು. ಆ ತೂತು ಮುಚ್ಚಿರಲಿಲ್ಲ.

"ಮೆಣಸಿನಕಾಯಿ ಬೇಕೇನ, ಗಿಣೀ?" ಎಂದಳು ಮೆಲ್ಲಗೆ.

"ಕೊಡು. ಆದ್ರ ಹಲ್ಲಿಲ್ಲ ನೋಡವಾ," ಎಂದು ಅಜ್ಜಿ ನಕ್ಕಾಗ ನಾನೂ ಕುಣಿದೆ.

ಈಗ ನನಗೆ ವಯಸ್ಸಾಗಿದೆ, ಹರಳು ಮಸುಕಾಗಿದೆ. ಫೋಟೋಕ್ಕೆ ಶ್ರಾವಣಿ ಇನ್ನೂ ನಿಂತಿಲ್ಲ. ಸಂಜೆ ಅಜ್ಜಿಯ ಪಕ್ಕದಲ್ಲಿ ಕೂರುತ್ತಾಳೆ. ಬೆರಳುಗಳು ಗದ್ದದತ್ತ ಹೊರಡುತ್ತವೆ. ಕೆಲವೊಮ್ಮೆ ಅರ್ಧದಲ್ಲೇ ತಿರುಗಿ, ಅಜ್ಜಿಯ ಮೂಗಿನ ಆ ಉಬ್ಬಿನ ಮೇಲೆ ಬಂದು ನಿಲ್ಲುತ್ತವೆ. ಏನು ಹುಡುಕುತ್ತಿವೆಯೋ ಗೊತ್ತಿಲ್ಲ. ಆದರೆ ಒತ್ತುವುದಿಲ್ಲ.