ದಿಬ್ಬದ ಮುಂದೆ ಗೌರಿ

ಆಂಡರ್ಸನ್‌ಪೇಟೆಯ ಅಂಬರೀಶ ಸಂಜೆ ಆರರೊಳಗೆ ಒಂದು ಒಳ್ಳೆಯ ಫೋಟೊ ಕಳಿಸಲೇಬೇಕಿತ್ತು. ರೈಲು ಪ್ರಯಾಣಿಕರ ಸಂಘದ ಕ್ಯಾಲೆಂಡರಿಗೆಂದು ಮಧ್ಯಾಹ್ನ ಅವನು ಹಳೇ ಚಿನ್ನದ ಗಣಿಯವರು ಸುರಿದ ಬಿಳಿಮಣ್ಣಿನ ದಿಬ್ಬದ ಚಿತ್ರ ಕಳಿಸಿದಾಗ, "ಇದೇನಪ್ಪಾ, ಇಡ್ಲಿ ಫೋಟೊ ಕಳ್ಸಿದ್ದೀಯ?" ಎಂದು ಕಾರ್ಯದರ್ಶಿ ಕೇಳಿದ್ದರು. ನೆತ್ತಿಯ ಬಿಸಿಲಲ್ಲಿ ಬಿಳಿ ದಿಬ್ಬವೂ ಬಿಳಿ ಆಕಾಶವೂ ಒಂದೇ ಹಿಟ್ಟಿನಂತೆ ಕಲೆತುಹೋಗಿದ್ದವು.

ಈಗ ಇಳಿಬಿಸಿಲು ಓರೆಯಾಗಿ ಬಿದ್ದು ದಿಬ್ಬದ ಕೊರಕಲುಗಳೆಲ್ಲ ಎದ್ದು ಕಾಣುತ್ತಿದ್ದವು. ಮುಂದೆ ಕಪ್ಪಗೆ ಏನಾದರೊಂದು ನಿಂತರೆ ಸಾಕಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಪೆದ್ದಮ್ಮ ಎಮ್ಮೆ ಹೊಡೆದುಕೊಂಡು ಬಂದಳು.

"ಪೆದ್ದಮ್ಮಾ, ಎಮ್ಮೇನ ಅಲ್ಲಿ ನಿಲ್ಸು. ಕಾಂಟ್ರಾಸ್ಟ್ ಬೇಕು."

"ಕಾಂಟ್ರಾಕ್ಟಾ? ನಮ್ ಗೌರಿ ಪರ್ಮನೆಂಟ್ ಆದ್ರೇನೇ ನಿಲ್ಲೋದು ಕಣ್ಲಾ!"

"ಒಂದೇ ನಿಮಿಷ ಕಣಮ್ಮಾ, ಒತ್ತು ಮುಳುಗ್ತೈತೆ!"

ಗೌರಿ ನಿಲ್ಲಲಿಲ್ಲ. ದಿಬ್ಬದ ಬುಡದ ಮಣ್ಣಿನಲ್ಲಿ ಬಿದ್ದು ಹೊರಳಾಡಿ ಎದ್ದಾಗ ಕೊಂಬಿನಿಂದ ಬಾಲದವರೆಗೆ ದಿಬ್ಬದಷ್ಟೇ ಬೆಳ್ಳಗಾಗಿತ್ತು.

"ಈಗ ನೋಡ್ಲಾ, ಎಸರಿಗೆ ತಕ್ಕಂಗವ್ಳೆ!" ಎಂದು ಪೆದ್ದಮ್ಮ ಹಿಗ್ಗಿದಳು.

ಅಂಬರೀಶ ತಲೆ ಚಚ್ಚಿಕೊಳ್ಳುತ್ತಾ ನೆಲಕ್ಕೆ ಕುಸಿದ. ಕೂತಾಗಲೇ ಅವನಿಗೆ ಕಂಡದ್ದು: ಬೆಳ್ಳಗಾದದ್ದು ಎಮ್ಮೆ ಮಾತ್ರ. ಅದರ ನೆರಳು ಕೊಂಬು ಸಮೇತ ದಿಬ್ಬದ ಮೇಲೆ ಮನೆಯಷ್ಟು ದೊಡ್ಡದಾಗಿ, ಕಡುಕಪ್ಪಾಗಿ ಹತ್ತಿ ನಿಂತಿತ್ತು. ಕೂತಲ್ಲಿಂದಲೇ ಫೋಟೊ ತೆಗೆದು, ಆರಕ್ಕೆ ಐದು ನಿಮಿಷವಿರುವಾಗ ಕಳಿಸಿದ.

ಕಾರ್ಯದರ್ಶಿಯ ಉತ್ತರ ತಕ್ಷಣವೇ ಬಂತು: "ಸೂಪರ್! ಜನವರಿಗೇ ಹಾಕ್ತೀವಿ."

ಪೆದ್ದಮ್ಮನಿಗೆ ಓದಿ ಹೇಳಿದ. ಅವಳು ಮುಖ ಗಂಟಿಕ್ಕಿದಳು.

"ಒಂದೇ ತಿಂಗ್ಳಾ? ಅನ್ನೆಲ್ಡು ತಿಂಗ್ಳೂ ಆಕು ಅನ್ನು. ಗೌರಿ ಪರ್ಮನೆಂಟು ಅಂತ ಮೊದ್ಲೇ ಏಳಿಲ್ವಾ?"